'ಗಾಡಿ ಸ್ಟಾರ್ಟ್ ಆಗ್ಲಿಲ್ವಾ?' ಅಂದವರಿಗೆ ಉತ್ತರ ಕೊಡೋಕೆ ಕಲಿತಿದ್ದು

ನನಗೆ ಉಗ್ಗು ಇದೆ. ಚಿಕ್ಕಂದಿನಿಂದ ಇದೆ, ಈಗಲೂ ಇದೆ. ಕ, ಪ, ಬ ಅಕ್ಷರಗಳಿಂದ ಶುರುವಾಗುವ ಪದ ಬಂದರೆ ಗಂಟಲು ಬಿಗಿದುಕೊಳ್ಳುತ್ತದೆ. ಹೇಳಬೇಕಾದ್ದು ತಲೆಯಲ್ಲಿ ಸ್ಪಷ್ಟವಾಗಿಯೇ ಇರುತ್ತದೆ, ಬಾಯಿಂದ ಆಚೆ ಬರೋದಿಲ್ಲ. ಆ ನಾಲ್ಕೈದು ಸೆಕೆಂಡು ಎದುರಿಗಿದ್ದವರಿಗೆ ತಡೆಯೋಕಾಗಲ್ಲ. ಏನಾದರೂ ಅಂದುಬಿಡುತ್ತಾರೆ.

"ಯಾಕೋ, ಗಾಡಿ ಇನ್ನೂ ಸ್ಟಾರ್ಟ್ ಆಗ್ಲಿಲ್ವಾ?" ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರು ಹಾಜರಿ ಕೂಗುವಾಗ ಹೀಗೆ ಕೇಳುತ್ತಿದ್ದರು. ಇಡೀ ಕ್ಲಾಸು ನಗುತ್ತಿತ್ತು. "ಏನ್ರೀ, ನಿಮ್ಮ ಹೆಸರೇ ಮರೆತುಹೋಯ್ತಾ?" ಇದು ಕೆಲಸದ ಇಂಟರ್‌ವ್ಯೂನಲ್ಲಿ. ಉಗ್ಗುವವರಲ್ಲಿ ತುಂಬಾ ಜನಕ್ಕೆ ತಮ್ಮ ಹೆಸರು ಹೇಳೋದೇ ಎಲ್ಲಕ್ಕಿಂತ ಕಷ್ಟ. ಬೇರೆ ಮಾತಾದರೆ ತಿರುಗಿಸಿ ಇನ್ನೊಂದು ಪದ ಹಾಕಬಹುದು, ಹೆಸರಿಗೆ ಆ ದಾರಿ ಇಲ್ಲ. "ಹುಡುಗ ಲಕ್ಷಣವಾಗಿದ್ದಾನೆ, ಮಾತೊಂದು ನೆಟ್ಟಗಿದ್ದಿದ್ರೆ..." ಹೆಣ್ಣು ನೋಡೋಕೆ ಹೋದ ಮನೆಯಲ್ಲಿ ಅಡುಗೆಮನೆ ಕಡೆಯಿಂದ ಇದು ಕಿವಿಗೆ ಬಿತ್ತು. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇತ್ತು. ಬಿಡದೆ ಅಷ್ಟನ್ನೂ ತಿಂದೆ, ಬಾಯಿ ತುಂಬಿದ್ದರೆ ಮಾತಾಡಬೇಕಿಲ್ಲ ಅಲ್ವಾ.

ಇಂಥ ಮಾತಿಗೆ ಹೆದರಿ ನಾನು ಮಾಡದ ಉಪಾಯ ಇಲ್ಲ. ತಿಪಟೂರಿನಲ್ಲಿ ಓದುತ್ತಿದ್ದಾಗ ಇಳಿಯಬೇಕಾಗಿದ್ದು ಕಿಬ್ಬನಹಳ್ಳಿ ಕ್ರಾಸಿನಲ್ಲಿ. ಆ 'ಕಿ' ಹೊರಡುವಷ್ಟರಲ್ಲಿ ಕಂಡಕ್ಟರು "ಎಲ್ಲಿಗೆ ಹೋಗ್ಬೇಕು ಅಂತ ಯೋಚನೆ ಮಾಡಿ ಹತ್ತಪ್ಪ" ಅಂದಿದ್ದರು. ಅವತ್ತಿನಿಂದ ಮುಂದಿನ ನಿಟ್ಟೂರಿಗೆ ಟಿಕೆಟ್ ತಗೊಂಡು, ಮಧ್ಯೆ ಕ್ರಾಸಿನಲ್ಲೇ ಇಳಿದುಬಿಡುತ್ತಿದ್ದೆ. 'ನ' ನನಗೆ ಸಲೀಸು. ಜಾಸ್ತಿ ದುಡ್ಡು ಹೋಗುತ್ತಿತ್ತು, ಹೋಗಲಿ ಅಂತ ಬಿಡುತ್ತಿದ್ದೆ.

ಮನೆಯಲ್ಲಿ ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದರು. ಬಾಯಲ್ಲಿ ಕಲ್ಲಿಟ್ಟುಕೊಂಡು ಓದು ಅಂದವರಿದ್ದರು. "ಹೆದರ್ಕೋಬೇಡ, ತಾನಾಗೇ ಬರುತ್ತೆ" ಅನ್ನೋರು ಈಗಲೂ ಸಿಗುತ್ತಾರೆ. ಉಗ್ಗು ಹೆದರಿಕೆಯಿಂದ ಬರೋದಲ್ಲ. ಅದು ಮಿದುಳು ಮಾತನ್ನು ಹೊಂದಿಸಿಕೊಳ್ಳುವ ರೀತಿಗೆ ಸೇರಿದ್ದು, ಎಷ್ಟೋ ಮನೆತನಗಳಲ್ಲಿ ರಕ್ತದಲ್ಲೇ ಬರುತ್ತದೆ. ಸಣ್ಣ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಬರುತ್ತದೆ, ಹೆಚ್ಚಿನವರಿಗೆ ಹೋಗಿಬಿಡುತ್ತದೆ. ದೊಡ್ಡವರಲ್ಲಿ ನೂರಕ್ಕೆ ಒಬ್ಬರಿಗೆ ಉಳಿಯುತ್ತದೆ. ಆ ಒಬ್ಬ ನಾನು.

ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಅಲ್ಲಿ ಮೊದಲ ಅಕ್ಷರವನ್ನು ಮೆತ್ತಗೆ, ಎಳೆದು ಶುರುಮಾಡೋದು ಕಲಿತೆ. ನೋಟ್‌ಬುಕ್ಕಿನ ಕೆಲಸ ಮಾತ್ರ ನಾನೇ ಮಾಡಿಕೊಂಡಿದ್ದು. ನೆನಪಿನಲ್ಲಿ ಕೂತಿದ್ದ ಮಾತುಗಳನ್ನೆಲ್ಲ ಒಂದು ಕಡೆ ಬರೆದೆ. ಮೊದಲ ಕಾಲಂನಲ್ಲಿ ಅವರು ಅಂದ ಮಾತು, ಎರಡನೆಯದರಲ್ಲಿ ಯಾರು, ಎಲ್ಲಿ. ಮೂರನೆಯದು 'ನಾನು ಏನಂದೆ'. ಬರೆದು ಮುಗಿಸಿ ನೋಡಿದರೆ ಮೂರನೇ ಕಾಲಂ ಮೇಲಿಂದ ಕೆಳಗೆ ಪೂರ್ತಿ ಖಾಲಿ. ಬೈದವರಿಗಿಂತ ಈ ಖಾಲಿ ಜಾಗದ ಮೇಲೇ ನನಗೆ ಸಿಟ್ಟು ಬಂತು. ರಾತ್ರಿ ಮಲಗಿದಾಗ ಮತ್ತೆ ಮತ್ತೆ ಬರುತ್ತಿದ್ದದ್ದು ಇದೇ: ಅವತ್ತು ಹೀಗನ್ನಬೇಕಿತ್ತು, ಹಾಗನ್ನಬೇಕಿತ್ತು.

ಸರಿ, ಅದನ್ನು ತುಂಬಿಸಲು ಕೂತೆ. ಮೊದಮೊದಲು ಬರೆದವೆಲ್ಲ ಸಿನಿಮಾ ಡೈಲಾಗು. ಮೇಷ್ಟ್ರಿಗೆ ಅರ್ಧ ಪುಟದ ಉತ್ತರ! ಜೋರಾಗಿ ಓದಿ ನೋಡಿದರೆ ಎರಡನೇ ಪದಕ್ಕೇ ಸಿಕ್ಕಿಹಾಕಿಕೊಂಡೆ. ಕುಟುಕುವ ಮಾತಿಗೆ ಟೈಮಿಂಗ್ ಬೇಕು, ನನ್ನ ಹತ್ತಿರ ಇಲ್ಲದ್ದೇ ಅದು. ಹಾಗಾಗಿ ಎಲ್ಲ ಹೊಡೆದುಹಾಕಿ ಒಂದೇ ಸಾಲು ಇಟ್ಟುಕೊಂಡೆ: "ನನಗೆ ಉಗ್ಗು ಇದೆ, ಒಂದ್ನಿಮಿಷ ಇರಿ." 'ನ'ದಿಂದ ಶುರುವಾಗುತ್ತದೆ, ಸ್ವರ ಹರಿಯುತ್ತದೆ. ಯಾರನ್ನೂ ಬೈಯೋದಿಲ್ಲ. ಕಂಡಕ್ಟರಿಗೂ ಹೊಂದುತ್ತದೆ, ಮ್ಯಾನೇಜರಿಗೂ ಹೊಂದುತ್ತದೆ.

ಇದನ್ನು ಮೊದಲು ಹೇಳಿದ್ದು ಮೆಡಿಕಲ್ ಶಾಪಿನಲ್ಲಿ, ಬೇಕಂತಲೇ ರಶ್ ಇರುವ ಹೊತ್ತಿನಲ್ಲಿ. ಹಿಂದಿದ್ದವನೊಬ್ಬ ಕಿಸಕ್ಕಂತ ನಕ್ಕ. ಅಂಗಡಿಯವರು "ಪರವಾಗಿಲ್ಲ, ನಿಧಾನಕ್ಕೆ ಹೇಳಿ ಸಾರ್" ಅಂದರು. ಆಮೇಲೆ ಬೇಕಂತಲೇ ಉಗ್ಗುವುದನ್ನೂ ಅಭ್ಯಾಸ ಮಾಡಿದೆ. ಕೇಳೋಕೆ ಹುಚ್ಚಾಟ ಅನ್ನಿಸುತ್ತೆ, ಆದರೆ ಇದು ಹಳೆಯ ಚಿಕಿತ್ಸೆ. ಇಂಥದ್ದನ್ನು ಕಲಿಸಿದವರಲ್ಲಿ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಒಬ್ಬರು. ಅವರಿಗೂ ಉಗ್ಗು ಇತ್ತು. ಸುಲಭವಾಗಿ ಬರುವ ಪದದಲ್ಲೇ ನಿಂತು, ಎದುರಿನವರ ಮುಖ ನೋಡುತ್ತಾ ನಾವಾಗಿಯೇ ಉಗ್ಗಬೇಕು. ನಾಲ್ಕು ಸಲ ಮಾಡಿದ ಮೇಲೆ ಅವರ ಮುಖದಲ್ಲಿ ಏನು ಮೂಡುತ್ತದೆ ಅನ್ನೋ ದಿಗಿಲು ಸಡಿಲವಾಗುತ್ತದೆ.

ಎಲ್ಲ ಮಾತಿಗೂ ಈ ಸಾಲು ನಡೆಯಲ್ಲ. ಅಡುಗೆಮನೆಯಿಂದ ಕೇಳಿಸಿದ್ದಕ್ಕೆ ಯಾರಿಗೆ ಉತ್ತರ ಕೊಡೋದು? ನೋಟ್‌ಬುಕ್ಕಿನಲ್ಲಿ ಆ ಮಾತಿನ ಮುಂದೆ ಅಡ್ಡಗೆರೆ ಎಳೆದೆ, ಅಷ್ಟೇ. ಅಂಗಡಿ ಮುಂದೆ ನನ್ನಂತೆ ಮಾತಾಡಿ ತೋರಿಸಿದ ಪುಟ್ಟ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಪಕ್ಕ ನಿಂತು ನಗುತ್ತಿದ್ದ ಅವರಪ್ಪನ ಮೇಲಿದೆ.

ನೋಟ್‌ಬುಕ್ಕಿನಲ್ಲಿ ಕೊನೆಗೆ ಬರೆದದ್ದು ನಮ್ಮಪ್ಪನ ಮಾತು. ಅದರಲ್ಲಿ ಬೈಗುಳವೇ ಇಲ್ಲ. ಮನೆಗೆ ಯಾರಾದರೂ ಬಂದರೆ "ನೀನು ಒಳಗೋಗು, ನಾನು ಮಾತಾಡ್ತೀನಿ" ಅನ್ನುತ್ತಿದ್ದರು. ಮೇಷ್ಟ್ರ ಮಾತಿಗಿಂತ ಇದೇ ಜಾಸ್ತಿ ಚುಚ್ಚಿತ್ತು ಅಂತ ಬರೆದ ಮೇಲೆ ಗೊತ್ತಾಯಿತು. ಒಂದು ಸಂಜೆ ಕೇಳಿಯೇಬಿಟ್ಟೆ. "ಬಂದೋರು ನಕ್ರೆ ನಿಂಗೆ ಬೇಜಾರಾಗುತ್ತಲ್ಲ ಕಣೋ, ಅದಕ್ಕೆ" ಅಂದರು. "ನೀನು ಒಳಗೆ ಕಳ್ಸಿದ್ದೇ ಬೇಜಾರು ಕಣಪ್ಪ" ಅಂದೆ. ಅಷ್ಟು ಹೇಳೋಕೆ ಬಹಳ ಹೊತ್ತು ಹಿಡಿಯಿತು. ಅವರು ಮಧ್ಯೆ ಪದ ತುಂಬಿಸಲಿಲ್ಲ.

ಅಭ್ಯಾಸಬಲ, ಈಗಲೂ ಫೋನಿನಲ್ಲಿ ನಾನು ತಡೆದರೆ ಅಪ್ಪ ಪಕ್ಕದಿಂದ ಕೈ ಚಾಚುತ್ತಾರೆ. "ಇರಪ್ಪ, ನಾನೇ ಹೇಳ್ತೀನಿ" ಅಂತ ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಳ್ಳುತ್ತೇನೆ.