ಪೆನ್ಸಿಲ್ವೇನಿಯಾದಲ್ಲಿ ಕಾರ್ ಇದೆಯಾ? ಪಾಲಿಸಿಯಲ್ಲಿ ಇದೊಂದನ್ನು ನೋಡಿ

ನಿಮ್ಮ ಕಾರ್ ಇನ್ಶೂರೆನ್ಸ್ ಪಾಲಿಸಿಯ ಡಿಕ್ಲರೇಶನ್ ಪೇಜ್ (ಮುಖ್ಯ ವಿವರಗಳಿರುವ ಪುಟ) ತೆಗೆಯಿರಿ. 'ಫುಲ್ ಟಾರ್ಟ್' ಅಂತ ಇದೆಯಾ, 'ಲಿಮಿಟೆಡ್ ಟಾರ್ಟ್' ಅಂತ ಇದೆಯಾ? ಅಪಘಾತ ಮಾಡಿದವರ ಮೇಲೆ ಕೇಸ್ ಹಾಕಿ ಪರಿಹಾರ ಕೇಳುವ ಹಕ್ಕು ಫುಲ್‌ನಲ್ಲಿ ಪೂರ್ತಿ ಇರುತ್ತದೆ, ಲಿಮಿಟೆಡ್‌ನಲ್ಲಿ ಅದಕ್ಕೆ ಮಿತಿ ಇದೆ. ಲಿಮಿಟೆಡ್‌ಗೆ ಪ್ರೀಮಿಯಂ ಕಡಿಮೆ, ಅದಕ್ಕೇ ಎಷ್ಟೋ ಜನ ಸುಮ್ನೆ ಸಹಿ ಹಾಕಿಬಿಡುತ್ತಾರೆ. ಆಮೇಲೆ ಯಾರೋ ಹಿಂದಿನಿಂದ ಬಂದು ಗುದ್ದಿ, ನೀವು ತಿಂಗಳುಗಟ್ಟಲೆ ಕುತ್ತಿಗೆ ತಿರುಗಿಸಲಾಗದೆ ಒದ್ದಾಡಿದರೂ, ಕಾನೂನಿನ ಲೆಕ್ಕದಲ್ಲಿ ಅದು 'ಗಂಭೀರ ಗಾಯ' ಅಲ್ಲ ಅಂತಾದರೆ ಆ ನೋವಿಗೆ ಪರಿಹಾರ ಕೇಳುವ ಹಾಗಿಲ್ಲ. ಕೈಯಿಂದ ಹೋದ ಆಸ್ಪತ್ರೆ ಖರ್ಚು, ತಪ್ಪಿದ ಸಂಬಳ ಕೇಳಬಹುದು, ಅಷ್ಟೇ. ಗುದ್ದಿದವರ ಕಾರ್ ಬೇರೆ ರಾಜ್ಯದಲ್ಲಿ ರಿಜಿಸ್ಟರ್ ಆಗಿದ್ದರೆ, ಅಥವಾ ಕುಡಿದು ಓಡಿಸಿದ್ದಕ್ಕೆ ಅವರಿಗೆ ಶಿಕ್ಷೆಯಾದರೆ ವಿನಾಯಿತಿ ಇದೆ. ನನಗೆ ಜಾಸ್ತಿ ಬೇಜಾರಾಗುವುದು ಇದಕ್ಕೆ: ನೀವು ಹಾಕಿದ ಆ ಒಂದು ಸಹಿ ಅದೇ ಪಾಲಿಸಿಯಲ್ಲಿರುವ ಮನೆಯವರನ್ನೂ ಕಟ್ಟಿಹಾಕುತ್ತದೆ, ಮಕ್ಕಳನ್ನೂ. ಏಜೆಂಟ್ ಹತ್ತಿರ ಎರಡಕ್ಕೂ ರೇಟ್ ಕೇಳಿ, ಪಕ್ಕಪಕ್ಕ ಇಟ್ಟು ನೋಡಿ.