ಬೀಗ ಹಾಂಗೇ ಇದ್ದು: ಸರ್ವರ್‌ಗೆ ನೆಟ್‌ವರ್ಕ್ ಮೇಲೆ ಪಾಸ್‌ವರ್ಡ್ ಕೊಟ್ಟ ನನ್ನ ಅನುಭವ

ಶಿರಸಿಯಲ್ಲಿ ಒಂದು ಅಡಿಕೆ ವಖಾರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿನ ಸರ್ವರ್‌ನಲ್ಲಿ ಬೆಳೆಗಾರರ ಆಧಾರ್, ಬ್ಯಾಂಕ್ ಖಾತೆ ನಂಬರ್, ಪಹಣಿ ಪ್ರತಿ ಎಲ್ಲ ಇವೆ. ಹತ್ತಿರದ ಅಂಗಡಿಯೊಂದರಲ್ಲಿ ಕಳ್ಳರು ಗಲ್ಲಾಪೆಟ್ಟಿಗೆ ಜೊತೆ ಕಂಪ್ಯೂಟರನ್ನೂ ಹೊತ್ತುಕೊಂಡು ಹೋದರು. ಆ ವಾರವೇ ನಾನು ನಮ್ಮ ಸರ್ವರ್‌ನ ಡಿಸ್ಕನ್ನು ಲಕ್ಸ್‌ನಿಂದ (ಲಿನಕ್ಸ್‌ನಲ್ಲಿ ಡಿಸ್ಕ್ ಮುಚ್ಚುವ ವ್ಯವಸ್ಥೆ) ಪೂರ್ತಿ ಎನ್‌ಕ್ರಿಪ್ಟ್ ಮಾಡಿದೆ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿದೆ. ಇನ್ನು ಮಶಿನ್ ಕದ್ದರೂ ಒಳಗಿನದು ಸಿಗುವುದಿಲ್ಲ ಎಂಬ ಸಮಾಧಾನ.

ಸಮಾಧಾನ ಮಳೆಗಾಲದವರೆಗೆ ಮಾತ್ರ. ಆಷಾಢದಲ್ಲಿ ನಮ್ಮ ಕಡೆ ಕರೆಂಟ್ ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಲೈನ್ ಮೇಲೆ ಒಂದು ಮರ ಬಿದ್ದರೆ ಮುಗಿಯಿತು. ಕರೆಂಟ್ ಬಂದಾಗ ಸರ್ವರ್ ತಾನಾಗಿ ಶುರುವಾಗುತ್ತದೆ, ಆದರೆ ಡಿಸ್ಕಿನ ಪಾಸ್‌ವರ್ಡ್ ಕೇಳಿ ನಿಂತುಬಿಡುತ್ತದೆ. ನನ್ನ ಮನೆ ಹುಲೇಕಲ್ ರಸ್ತೆಯಲ್ಲಿ, ಪೇಟೆಯಿಂದ ದೂರ. ಬೆಳಿಗ್ಗೆ ವ್ಯಾಪಾರ ಶುರುವಾಗುವ ಮೊದಲು ಮಳೆಯಲ್ಲಿ ಬೈಕ್ ಓಡಿಸಿಕೊಂಡು ಹೋಗಿ, ಒದ್ದೆ ಕೈ ಒರೆಸಿಕೊಂಡು ಇಪ್ಪತ್ತೈದು ಅಕ್ಷರ ಒತ್ತಬೇಕು. ಒಂದೇ ಮಳೆಗಾಲದಲ್ಲಿ ಹೀಗೆ ಹನ್ನೊಂದು ಸಲ ಹೋಗಿದ್ದೇನೆ.

ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಗುಮಾಸ್ತರ ಕೈಗೆ ಕೊಡಬಹುದಿತ್ತು. ಆದರೆ ಚೀಟಿ ಡ್ರಾಯರ್ ಸೇರಿದರೆ ಎನ್‌ಕ್ರಿಪ್ಟ್ ಮಾಡಿದ್ದಕ್ಕೆ ಅರ್ಥವೇ ಇಲ್ಲ. ಬೂಟ್ ಆಗುವಾಗಲೇ, ಅಂದರೆ ಮಶಿನ್ ಶುರುವಾಗುವಾಗಲೇ, ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಒಳಗೆ ಹೋಗಿ ಪಾಸ್‌ವರ್ಡ್ ಕೊಡುವ ಡ್ರಾಪ್‌ಬೇರ್ ದಾರಿ ಇದೆ. ಅದು ಒಳ್ಳೆಯದೇ, ಆದರೆ ಪ್ರತಿ ಸಲ ನಾನೇ ಎದ್ದು ಕೂರಬೇಕು. ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಸರ್ವರ್‌ನ ನೆರವಿನಿಂದ ಡಿಸ್ಕನ್ನು ತಾನಾಗಿ ತೆರೆಯುವ ಟ್ಯಾಂಗ್ (ಸರ್ವರ್ ಕಡೆ) ಮತ್ತು ಕ್ಲೆವಿಸ್ (ಮಶಿನ್ ಕಡೆ) ಜೋಡಿಯನ್ನೂ ನೋಡಿದೆ. ಅದರ ಗಣಿತ ತುಂಬ ಚೆಂದ. ಟ್ಯಾಂಗ್ ಸರ್ವರ್‌ಗೆ ಕೀಲಿ ಏನೆಂದು ಕೊನೆಗೂ ಗೊತ್ತಾಗುವುದಿಲ್ಲ. ಆದರೆ ಡಿಸ್ಕ್ ಆ ನೆಟ್‌ವರ್ಕ್ ತಲುಪಿದರೆ ಸಾಕು, ತೆರೆದುಕೊಳ್ಳುತ್ತದೆ. ನಡುವೆ ಮಶಿನ್ ಎಲ್ಲಿ ಹೋಗಿತ್ತು, ಯಾರ ಕೈಯಲ್ಲಿತ್ತು ಎಂದು ಅದು ಕೇಳುವುದಿಲ್ಲ. ನನಗೆ ಆ ಪ್ರಶ್ನೆಯೇ ಮುಖ್ಯವಾಗಿತ್ತು.

ಕೊನೆಗೆ ಹಿಡಿದದ್ದು ಮ್ಯಾಂಡೋಸ್. ಸ್ವೀಡನ್ನಿನ ಟೆಡ್ಡಿ ಹೋಗೆಬೋರ್ನ್ ಮತ್ತು ಬ್ಯೋರ್ನ್ ಪೋಲ್ಸನ್ ಬರೆದ ಪ್ರೋಗ್ರಾಂ ಇದು. ಡೆಬಿಯನ್ ಎಂಬ ಲಿನಕ್ಸ್‌ನಲ್ಲೇ ಸಿಗುತ್ತದೆ. ಇದರ ಕ್ಲೈಂಟ್, ಅಂದರೆ ಪಾಸ್‌ವರ್ಡ್ ಕೇಳುವ ಭಾಗ, ನಮ್ಮ ಸರ್ವರ್‌ನ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ, ಅಂದರೆ ಡಿಸ್ಕ್ ತೆರೆಯುವ ಮೊದಲೇ ಓಡುವ ಪುಟ್ಟ ವ್ಯವಸ್ಥೆಯಲ್ಲಿ ಕೂತಿರುತ್ತದೆ. ಅದು ಅದೇ ಲ್ಯಾನ್‌ನಲ್ಲಿ (ಕಟ್ಟಡದೊಳಗಿನ ನೆಟ್‌ವರ್ಕ್) ಇರುವ ಮ್ಯಾಂಡೋಸ್ ಸರ್ವರನ್ನು ಹುಡುಕಿ, ಟಿಎಲ್‌ಎಸ್ ಎಂಬ ಗುಪ್ತ ಸಂಪರ್ಕದ ಮೇಲೆ ಮಾತಾಡಿ ಪಾಸ್‌ವರ್ಡ್ ಪಡೆಯುತ್ತದೆ. ಆ ಪಾಸ್‌ವರ್ಡ್ ಮ್ಯಾಂಡೋಸ್ ಸರ್ವರ್‌ನಲ್ಲಿ ಬಿಚ್ಚಾಗಿ ಇರುವುದಿಲ್ಲ. ಕ್ಲೈಂಟಿನ ಓಪನ್‌ಪಿಜಿಪಿ ಕೀಲಿಯಿಂದ ಮುಚ್ಚಿದ ಗಂಟು ಮಾತ್ರ ಅಲ್ಲಿರುತ್ತದೆ. ಬಿಚ್ಚುವ ಕೀಲಿ ಕ್ಲೈಂಟ್ ಹತ್ತಿರ.

ನನಗೆ ತುಂಬ ಹಿಡಿಸಿದ್ದು ಮುಂದಿನ ಭಾಗ. ಮ್ಯಾಂಡೋಸ್ ಸರ್ವರ್ ಸುಮ್ನೆ ಕೂರುವುದಿಲ್ಲ. ಎರಡೆರಡು ನಿಮಿಷಕ್ಕೆ ಕ್ಲೈಂಟನ್ನು ಕೂಗಿ 'ಇದ್ದೀಯಾ' ಎಂದು ನೋಡುತ್ತದೆ. ಐದು ನಿಮಿಷ ಉತ್ತರ ಬರದಿದ್ದರೆ ಆ ಕ್ಲೈಂಟನ್ನು ನಿಷ್ಕ್ರಿಯ ಮಾಡುತ್ತದೆ. ಆಮೇಲೆ ಕೇಳಿದರೂ ಪಾಸ್‌ವರ್ಡ್ ಇಲ್ಲ. ಮೊದಲಿನಿಂದ ಇರುವ ಚೆಕ್ ಬರೀ ಪಿಂಗ್, ಅಂದರೆ ಒಂದು ವಿಳಾಸಕ್ಕೆ ಕೂಗಿ ಉತ್ತರ ಕಾಯುವುದು. ಅದೇ ವಿಳಾಸ ಹಾಕಿಕೊಂಡ ಯಾವ ಮಶಿನ್ ಆದರೂ ಪಿಂಗ್‌ಗೆ ಓಗೊಡಬಹುದು ಅಲ್ವಾ? ಅದಕ್ಕೆ ನಾನು ಎಸ್‌ಎಸ್‌ಎಚ್ ಹೋಸ್ಟ್ ಕೀ (ಆ ಮಶಿನ್‌ಗೆ ಮಾತ್ರ ಇರುವ ಗುರುತಿನ ಕೀಲಿ) ನೋಡುವ ಚೆಕ್ ಹಾಕಿದೆ.

ಮ್ಯಾಂಡೋಸ್ ಸರ್ವರ್‌ಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಂದು, ಅದನ್ನೂ ಸ್ವಿಚ್ಚನ್ನೂ ಇನ್ವರ್ಟರ್‌ಗೆ ಸಿಕ್ಕಿಸಿದೆ. ಪೈ ಡಿಸ್ಕ್ ಕೂಡ ಎನ್‌ಕ್ರಿಪ್ಟ್ ಆಗಿದೆ. ಯಾಕೆಂದರೆ ಕಳ್ಳ ಎರಡನ್ನೂ ಒಯ್ದರೆ ಗಂಟೂ ಕೀಲಿಯೂ ಒಂದೇ ಚೀಲದಲ್ಲಿ ಹೋದಂತೆ. ಲಕ್ಸ್‌ನಲ್ಲಿ ಮ್ಯಾಂಡೋಸ್‌ಗಾಗಿ ಬೇರೆಯೇ ಪಾಸ್‌ವರ್ಡನ್ನು ಬೇರೆ ಸ್ಲಾಟಿಗೆ (ಒಂದೊಂದು ಪಾಸ್‌ವರ್ಡಿಗೆ ಒಂದೊಂದು ಜಾಗ) ಸೇರಿಸಿದೆ. ಲಕ್ಸ್ 2ರಲ್ಲಿ 32 ಸ್ಲಾಟ್‌ವರೆಗೆ ಜಾಗ ಇದೆ. ಅನುಮಾನ ಬಂದರೆ ಆ ಒಂದು ಸ್ಲಾಟ್ ಅಳಿಸಿದರೆ ಸಾಕು, ನನ್ನ ಪಾಸ್‌ವರ್ಡ್ ಬದಲಿಸಬೇಕಾಗಿಲ್ಲ. ಇದಕ್ಕೆ ಕೈ ಹಾಕುವ ಮೊದಲು ಈ ಸ್ಲಾಟ್‌ಗಳೆಲ್ಲ ಇರುವ ಲಕ್ಸ್ ಹೆಡರಿನ ಬ್ಯಾಕಪ್ ತೆಗೆದಿಟ್ಟೆ. ನೀವೂ ತಪ್ಪದೆ ತೆಗೆದಿಡಿ. ಆಮೇಲೆ ಕ್ಲೈಂಟ್‌ನಲ್ಲಿ ಮ್ಯಾಂಡೋಸ್-ಕೀಜೆನ್ ಓಡಿಸಿ, ಅದು ಕೊಟ್ಟ ಸಾಲುಗಳನ್ನು ಪೈ ಮೇಲಿನ ಕ್ಲೈಂಟ್ಸ್ ಡಾಟ್ ಕಾನ್ಫ್ ಫೈಲಿಗೆ ಅಂಟಿಸಿದೆ.

ಮೊದಲ ರೀಬೂಟ್‌ನಲ್ಲಿ ಏನೂ ಆಗಲಿಲ್ಲ. ಪರದೆ ಮೇಲೆ ಪಾಸ್‌ವರ್ಡ್ ಕೇಳುವ ಸಾಲು ಹಾಗೇ ನಿಂತಿತ್ತು. ಕೈಯಿಂದ ಒತ್ತಿ ಒಳಗೆ ಹೋದೆ. ಮ್ಯಾಂಡೋಸ್ ಹಾಕಿದರೂ ಆ ದಾರಿ ತೆರೆದೇ ಇರುತ್ತದೆ, ಅದೊಂದು ಧೈರ್ಯ. ಒಂದು ಸಂಜೆ ಪೂರ್ತಿ ಕಾನ್ಫಿಗರೇಶನ್ ತಡಕಾಡಿದೆ. ಕೊನೆಗೆ ಲ್ಯಾಪ್‌ಟಾಪಿಗೆ ತಂತಿ ಹಾಕಿ, ನೆಟ್‌ವರ್ಕ್‌ನಲ್ಲಿ ಏನೇನು ಇದೆ ಎಂದು ತೋರಿಸುವ ಅವಾಹಿ-ಬ್ರೌಸ್ ಓಡಿಸಿದರೆ, ಮ್ಯಾಂಡೋಸ್ ಸರ್ವರ್ ಕಾಣುತ್ತಲೇ ಇರಲಿಲ್ಲ. ಪೈ ಇದ್ದದ್ದು ವೈಫೈನಲ್ಲಿ, ಸರ್ವರ್ ತಂತಿಯಲ್ಲಿ. ನಮ್ಮ ರೌಟರ್ ಇವೆರಡರ ನಡುವೆ ಮಲ್ಟಿಕಾಸ್ಟ್ (ನೆಟ್‌ವರ್ಕ್‌ನಲ್ಲಿ ಹಲವರಿಗೆ ಒಮ್ಮೆಲೇ ಹೋಗುವ ಸಂದೇಶ) ದಾಟಿಸುತ್ತಿರಲಿಲ್ಲ. ಕ್ಲೈಂಟ್ ಸರ್ವರನ್ನು ಹುಡುಕುವುದೇ ಮಲ್ಟಿಕಾಸ್ಟ್ ಮೇಲೆ. ಪೈಗೂ ತಂತಿ ಎಳೆದು ಅದೇ ಸ್ವಿಚ್ಚಿಗೆ ಹಾಕಿದೆ. ಮತ್ತೆ ರೀಬೂಟ್. ಅದೇ ಸಾಲು ಬಂತು, ಕೆಲವು ಕ್ಷಣ ನಿಂತಿತು, ನಾನು ಕೀಬೋರ್ಡ್ ಮುಟ್ಟದೆಯೇ ಮುಂದಕ್ಕೆ ಹೋಯಿತು. ಆ ಖುಷಿಗೆ ಎದ್ದು ಹೋಗಿ ಎದುರಿನ ಹೋಟೆಲ್‌ನಲ್ಲಿ ಚಾ ಕುಡಿದು ಬಂದೆ.

ಮರುವಾರ ಎರಡು ಗಂಟೆ ಕರೆಂಟ್ ಹೋಯಿತು. ಯುಪಿಎಸ್ ಇಪ್ಪತ್ತು ನಿಮಿಷ ತಡೆಯಿತು, ಸರ್ವರ್ ಸರಿಯಾಗಿ ಶಟ್‌ಡೌನ್ ಆಯಿತು. ಕರೆಂಟ್ ಬಂತು. ಪಾಸ್‌ವರ್ಡ್ ಬರಲಿಲ್ಲ. ಐದು ನಿಮಿಷದ ಗಡುವು ಎಂದೋ ಮುಗಿದಿತ್ತು, ಪೈ ತನ್ನ ಕೆಲಸ ಸರಿಯಾಗೇ ಮಾಡಿತ್ತು. ನಾನು ಸಿಟ್ಟಿನಲ್ಲಿ ಗಡುವನ್ನು ಒಂದು ದಿನಕ್ಕೆ ಏರಿಸಿದೆ.

ಅದು ತಪ್ಪು. ಮೂರು ದಿನ ಬೇಕಾಯಿತು ನನಗೆ ಅರ್ಥವಾಗಲು. ಬೂಟ್ ಭಾಗ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಕ್ಲೈಂಟಿನ ಕೀಲಿ ಅಲ್ಲೇ ಇನಿಟ್‌ರಾಮ್‌ಎಫ್‌ಎಸ್ ಒಳಗೆ ಇರುತ್ತದೆ. ಭಾನುವಾರ ಬಾಗಿಲು ಹಾಕಿದಾಗ ಯಾರಾದರೂ ಒಳಗೆ ಬಂದು, ಮಶಿನ್ ಆರಿಸಿ, ಡಿಸ್ಕ್ ಬಿಚ್ಚಿ ಆ ಕೀಲಿ ತೆಗೆದು, ತಮ್ಮ ಲ್ಯಾಪ್‌ಟಾಪನ್ನು ಅದೇ ಸ್ವಿಚ್ಚಿಗೆ ಸಿಕ್ಕಿಸಿ ಪಾಸ್‌ವರ್ಡ್ ಕೇಳಬಹುದು. ಗಡುವು ಇರುವುದು ಅವರಿಗೆ ಅಷ್ಟು ಹೊತ್ತು ಸಿಗದಿರಲಿ ಎಂದೇ. ಮತ್ತೆ ಐದು ನಿಮಿಷಕ್ಕೇ ಇಳಿಸಿದೆ. ಕರ್ನಲ್ ಅಪ್‌ಡೇಟ್ ಆಗಿ ರೀಬೂಟ್ ಮಾಡಲು ಅಷ್ಟು ಧಾರಾಳ ಸಾಕು. ಹಾಗೇ ಒಂದು ಪೆನ್‌ಡ್ರೈವ್‌ಗೆ ಬೂಟ್ ಭಾಗದ ಬ್ಯಾಕಪ್ ತೆಗೆದದ್ದೂ ನೆನಪಾಯಿತು. ಕೀಲಿಯ ಒಂದು ಪ್ರತಿ ನನ್ನ ಜೇಬಿನಲ್ಲಿ ಓಡಾಡುತ್ತಿತ್ತು! ಪೆನ್‌ಡ್ರೈವ್ ಅಳಿಸಿ, ಹೊಸ ಕೀಲಿ ಮಾಡಿದೆ.

ಹಾಗಾದರೆ ದೊಡ್ಡ ಕರೆಂಟ್ ಕಟ್‌ಗೆ ಏನು? ಈಗ ಮಾಡುವುದು ಇಷ್ಟು. ಕರೆಂಟ್ ಬಂದ ಮೇಲೆ ಎದುರಿನ ಹೋಟೆಲ್ ಭಟ್ಟರಿಗೆ ಫೋನ್ ಮಾಡುತ್ತೇನೆ. ಅವರು ರಸ್ತೆ ದಾಟಿ ಹೋಗಿ ಶಟರ್ ನೋಡಿ ಬಂದು ಹೇಳುತ್ತಾರೆ, "ತಮಾ, ಕರೆಂಟ್ ಬಂಜು. ಬೀಗ ಹಾಂಗೇ ಇದ್ದು." ನಾನು ಮನೆಯಿಂದಲೇ ವಿಪಿಎನ್‌ನಲ್ಲಿ ಪೈಗೆ ಹೋಗಿ, ಮ್ಯಾಂಡೋಸ್-ಸಿಟಿಎಲ್ ಎಂಬ ಆಜ್ಞೆಯಿಂದ ಕ್ಲೈಂಟನ್ನು ಎನೇಬಲ್ ಮಾಡುತ್ತೇನೆ. ಅಷ್ಟು ಹೊತ್ತೂ ಮತ್ತೆ ಮತ್ತೆ ಕೇಳುತ್ತಲೇ ಇದ್ದ ಸರ್ವರ್ ಪಾಸ್‌ವರ್ಡ್ ಪಡೆದು ಏಳುತ್ತದೆ. ಪಾಸ್‌ವರ್ಡ್ ನನ್ನ ಫೋನಿಗೂ ಬರುವುದಿಲ್ಲ, ಭಟ್ಟರಿಗೂ ಗೊತ್ತಾಗುವುದಿಲ್ಲ. ಪಿಂಗ್ ಆಗಲಿ ಹೋಸ್ಟ್ ಕೀ ಆಗಲಿ ಶಟರಿನ ಬೀಗ ನೋಡಲಾರವು. ಆ ಕೆಲಸಕ್ಕೆ ನನಗೆ ಭಟ್ಟರೇ ಬೇಕು.

ಇದರಿಂದ ಎಲ್ಲವೂ ತಡೆಯುತ್ತದೆ ಎಂದಲ್ಲ. ಇನಿಟ್‌ರಾಮ್‌ಎಫ್‌ಎಸ್ಸನ್ನೇ ತಿದ್ದಿ ಮತ್ತೆ ಇಟ್ಟು ಹೋಗುವಷ್ಟು ಗೊತ್ತಿರುವವರನ್ನು ಇದು ನಿಲ್ಲಿಸುವುದಿಲ್ಲ. ನಮ್ಮ ವಖಾರಿಗೆ ಇರುವ ಭಯ ಮಶಿನ್ ಹೊತ್ತುಕೊಂಡು ಹೋಗುವವರದು. ಅದಕ್ಕೆ ಇದು ಸಾಕು.

ಕಳೆದ ಮಳೆಗಾಲದಲ್ಲಿ ಒಂದು ಸಲ ಎರಡು ದಿನ ಕರೆಂಟ್ ಇರಲಿಲ್ಲ, ಇನ್ವರ್ಟರೂ ಖಾಲಿಯಾಯಿತು, ಪೈ ಆರಿತು. ಆಗ ಮಾತ್ರ ರೇನ್‌ಕೋಟ್ ಹಾಕಿಕೊಂಡು ಹೋಗಿ ಪೈ ಪಾಸ್‌ವರ್ಡನ್ನು ಕೈಯಿಂದ ಒತ್ತಿದೆ. ಇಡೀ ಮಳೆಗಾಲದಲ್ಲಿ ಹೋದದ್ದು ಅದೊಂದೇ ಸಲ.