ಮಾವು ಹಣ್ಣಿಗೆ ಇಡುವ ಮುಂಚೆ ಒಂದು ಬಿಸಿನೀರಿನ ಸ್ನಾನ

ತೋಟದಿಂದ ತಂದ ಸಾವಯವ ಬಾದಾಮಿ, ರಸಪುರಿ ಕಾಯಿಗಳನ್ನು ಹುಲ್ಲಿನಲ್ಲಿ ಇಡುವ ಮುಂಚೆ 52 ಡಿಗ್ರಿ ಬಿಸಿನೀರಿನಲ್ಲಿ 10 ನಿಮಿಷ ಮುಳುಗಿಸಿ. ಆಮೇಲೆ ನೆರಳಿನಲ್ಲಿ ಪೂರ್ತಿ ಆರಿಸಿ. ಕಪ್ಪು ಚುಕ್ಕೆ ತರುವ ಶಿಲೀಂಧ್ರ ಮರದಲ್ಲಿರುವಾಗಲೇ ಸಿಪ್ಪೆಯೊಳಗೆ ಸೇರಿ ಸುಮ್ನೆ ಕೂತಿರುತ್ತದೆ, ಕಾಯಿ ಹಣ್ಣಾಗುವಾಗ ಎದ್ದೇಳುತ್ತದೆ. ಈ ಬಿಸಿ ಅದನ್ನು ಅಡಗಿಸುತ್ತದೆ, ಒಳಗಿನ ತಿರುಳಿಗೆ ಏನೂ ಆಗುವುದಿಲ್ಲ. ಥರ್ಮಾಮೀಟರ್ ಬೇಕೇ ಬೇಕು, ಕೈ ಅಂದಾಜು ನಡೆಯುವುದಿಲ್ಲ. 55 ದಾಟಿದರೆ ಸಿಪ್ಪೆ ಬೆಂದುಹೋಗಬಹುದು. ಬಕೆಟ್ ನೀರು ಬೇಗ ಆರುತ್ತದೆ ಅಲ್ವಾ, ಪಕ್ಕದಲ್ಲಿ ಬಿಸಿನೀರು ಇಟ್ಟುಕೊಂಡು ಸ್ವಲ್ಪ ಸ್ವಲ್ಪ ಸೇರಿಸುತ್ತಿರಿ. ಪೆಟ್ಟು ಬಿದ್ದ ಕಾಯಿಗೆ, ಆಗಲೇ ಚುಕ್ಕೆ ಬಂದದ್ದಕ್ಕೆ ಇದರಿಂದ ಉಪಯೋಗವಿಲ್ಲ. ತೊಟ್ಟಿನ ಕೊಳೆಗೂ ಅಷ್ಟಕ್ಕಷ್ಟೇ. ಎಳೆಕಾಯಿಯಾದರೆ ಸಿಪ್ಪೆ ಸುಡುತ್ತದೆ. ಶ್ರೀರಂಗಪಟ್ಟಣದ ಕಡೆ ಮಳೆ ಬಿದ್ದ ಮೇಲೆ ಕೊಯ್ದ ಕಾಯಿಯಲ್ಲೇ ಈ ಕಾಟ ಜಾಸ್ತಿ, ಅದಕ್ಕಂತೂ ಬಿಡದೆ ಮಾಡಿ.